ಅಮ್ಮನನ್ನು ಮರೆವಿನ ಅಧ್ಯಯನಕ್ಕೆ ಸೇರಿಸಿದವರು ಯಾರಾದರೂ ಇದ್ದೀರಾ?

ಕದ್ರಿಯಿಂದ ಮಗಳು: ಅಮ್ಮನಿಗೆ 68. ಕುಕ್ಕರ್ ಇಟ್ಟದ್ದು ಮರೆಯುವುದು ಶುರುವಾಗಿದೆ. ಒಂದು ಆಸ್ಪತ್ರೆಯವರು ದೀರ್ಘಾವಧಿ ಅಧ್ಯಯನಕ್ಕೆ ಸೇರಿಸಿ ಅಂತಿದ್ದಾರೆ. ವರ್ಷಕ್ಕೊಮ್ಮೆ ನೆನಪಿನ ಟೆಸ್ಟ್, ರಕ್ತ, ಎಂಆರ್‌ಐ. ಅಪ್ಪ ಬೇಡ ಅಂತಾರೆ. ಅನುಭವ ಇದ್ದವರು ಹೇಳಿ.

ಸುರತ್ಕಲ್ ಸೊಸೆ: ಅತ್ತೆಯನ್ನು ಮೂರು ವರ್ಷ ಕರ್ಕೊಂಡು ಹೋಗಿ ಬಿಟ್ಟವಳು ನಾನು. ಟೆಸ್ಟ್ ಫ್ರೀ, ಸರಿ. ರಿಕ್ಷಾ ಹೋಗಿ ಬರ್ಲಿಕ್ಕೆ 640, ಖಾಲಿ ಹೊಟ್ಟೆಯಲ್ಲಿ ರಕ್ತ ಕೊಟ್ಟ ಮೇಲೆ ಕ್ಯಾಂಟೀನಲ್ಲಿ ಇಬ್ಬರಿಗೆ ತಿಂಡಿ 150, ನನ್ನ ಒಂದು ದಿನದ ಸಂಬಳ ಕಟ್. ಅದೆಲ್ಲ ಹೋಗ್ಲಿ ಮಾರಾಯ್ರೆ. ಎರಡನೇ ವರ್ಷ ಎಂಆರ್‌ಐ ದಿನ ಕರಿಮಣಿ ತೆಗೀರಿ ಅಂದ್ರು. ಮಾವ ಇರುವಾಗ ತೆಗೆಯುವುದೇ ಇಲ್ಲ ಅಂತ ಅತ್ತೆ ಸೀದಾ ಹೊರಗೆ ಬಂದ್ರು. ಇನ್ನೊಂದು ದಿನ, ಇನ್ನೊಂದು 640, ಅರಿಶಿನ ದಾರ ಕಟ್ಟಿಸಿ ಒಳಗೆ ಕಳಿಸಿದ್ದು. ಮೂರನೇ ವರ್ಷ ಪ್ರಶ್ನೆ ಕೇಳುವ ಹುಡುಗಿ ಹೊಸಬಳು, ಘಟ್ಟದ ಮೇಲಿನವಳು. ಆಗಸ್ಟ್ 2. "ಇದು ಯಾವ ತಿಂಗಳು?" ಅಂದಳು. ಅತ್ತೆ "ಆಟಿ" ಅಂದ್ರು, ತುಳುವಲ್ಲಿ ಆಗ ಅದೇ ತಿಂಗಳು. ತಪ್ಪು ಅಂತ ಗುರುತು ಹಾಕಿದ್ದನ್ನು ನಾನೇ ಕಣ್ಣಾರೆ ನೋಡಿದೆ! ಮತ್ತೆ ಹೋಗ್ಲಿಲ್ಲ.

ಕೊಡವೂರಿನವ: ಒಂದು ಆಟಿಗೆ ಮೂರು ವರ್ಷದ ಲೆಕ್ಕ ಹಾಳು ಮಾಡಿದ್ರಿ. ಅಲ್ಲಿ ಒಂದು ಸಲದ ಅಂಕ ಮುಖ್ಯ ಅಲ್ಲ, ಅದೇ ಮನುಷ್ಯ ವರ್ಷದಿಂದ ವರ್ಷಕ್ಕೆ ಎಷ್ಟು ಇಳಿದ ಅಂತ ನೋಡುವುದು. ನಡುವೆ ಬಿಡುವವರಲ್ಲಿ ಮರೆವು ಜಾಸ್ತಿಯಾದವರೇ ಹೆಚ್ಚು. ಉಳಿದವರನ್ನು ಮಾತ್ರ ಎಣಿಸಿದರೆ ಊರಿಗೆ ಊರೇ ಚುರುಕು ಅಂತ ಕಾಣ್ತದೆ. ಅಮೆರಿಕದಲ್ಲಿ ಇಂಥ ಅಧ್ಯಯನಕ್ಕೆ ಸೇರಿದ 678 ಕಾನ್ವೆಂಟ್ ಸಿಸ್ಟರುಗಳು ಸತ್ತ ಮೇಲೆ ಮಿದುಳು ತಕ್ಕೊಳ್ಳಿ ಅಂತ ಬರೆದುಕೊಟ್ಟಿದ್ದರು. ಕೆಲವರ ಮಿದುಳಲ್ಲಿ ಅಲ್ಜೈಮರ್ ಗುರುತು ಬೇಕಾದಷ್ಟು, ಆದರೆ ಬದುಕಿದ್ದಾಗ ನೆನಪು ಗಟ್ಟಿ. ನಮ್ಮಲ್ಲೂ ಕೋಲಾರದ ಶ್ರೀನಿವಾಸಪುರದ ಹಳ್ಳಿಗಳಲ್ಲಿ 45 ದಾಟಿದ 10,000 ಮಂದಿಯ ಗುರಿ ಇಟ್ಟು ಐಐಎಸ್‌ಸಿಯ ಮಿದುಳು ಸಂಶೋಧನಾ ಕೇಂದ್ರದವರು ಇಂಥದ್ದೇ ದೀರ್ಘಾವಧಿ ಅಧ್ಯಯನ ಮಾಡ್ತಿದ್ದಾರೆ. ರೈತರು ಬರ್ತಾರೆ, ನಮಗೆ ರಿಕ್ಷಾ ಬಾಡಿಗೆಯ ಚಿಂತೆ. ನನ್ನ ಅಪ್ಪನಿಗೆ ಇದು ಆರನೇ ವರ್ಷ. ಈಗ ನನ್ನ ಹೆಸರಿಗೇ ತಡವರಿಸ್ತಾರೆ. ಆದರೂ ಕರ್ಕೊಂಡು ಹೋಗ್ತೇನೆ.

ಸುರತ್ಕಲ್ ಸೊಸೆ: ನೀವೇ ಕರ್ಕೊಂಡು ಹೋಗುವುದಾ, ನಿಮ್ಮ ಹೆಂಡತಿಯಾ?

ಬ್ರಹ್ಮಾವರ ಭಟ್ರು: ನಮ್ಮಮ್ಮನಿಗೆ ಅರಳುಮರಳು ಅಂತ ಎಲ್ಲರೂ ಸೇರಿ ತೀರ್ಪು ಕೊಟ್ಟು ಎರಡು ವರ್ಷ ಆಗಿತ್ತು. ಅಣ್ಣ ಜಾಗದ ಕಾಗದಕ್ಕೆ ಸಹಿ ಹಾಕಿಸ್ಲಿಕ್ಕೂ ಬಂದಿದ್ದ. ಇಂಥದ್ದೇ ಅಧ್ಯಯನದ ರಕ್ತ ಪರೀಕ್ಷೆಯಲ್ಲಿ ವಿಟಮಿನ್ ಬಿ12 ತಳ ಹಿಡಿದದ್ದು ಗೊತ್ತಾಯ್ತು. ಇಂಜೆಕ್ಷನ್ ಶುರುವಾಯ್ತು, ಮೊದಲು ದಿನ ಬಿಟ್ಟು ದಿನ, ಆಮೇಲೆ ವಾರಕ್ಕೊಂದು. ನರ್ಸ್ ಮನೆಗೆ ಬಂದರೆ ಸಲಕ್ಕೆ 200. ನಾಲ್ಕು ತಿಂಗಳಾದ ಮೇಲೆ ಅಮ್ಮ ಅಣ್ಣನ ಹಳೇ ಸಾಲವನ್ನು ಬಡ್ಡಿ ಸಮೇತ ಹೇಳಿದರು. ಅಣ್ಣ ಈಗ ಮನೆಗೆ ಬರುವುದಿಲ್ಲ.

ಮಲ್ಪೆ ಮೀನು: ಅದಕ್ಕೇ ಮೀನು ತಿನ್ನಿ ಅನ್ನುವುದು ಭಟ್ರೇ. ದಿನಾ ಬೂತಾಯಿ ತಿಂದವರಿಗೆ ಮರೆವು ಎಂತದು?

ಸುರತ್ಕಲ್ ಸೊಸೆ: ನಮ್ಮತ್ತೆ ಅರವತ್ತು ವರ್ಷ ಬೂತಾಯಿ ತಿಂದವರು.

ಬ್ರಹ್ಮಾವರ ಭಟ್ರು: ಹಾಲು ಮೊಸರಲ್ಲೂ ಬಿ12 ಉಂಟು. ಅಮ್ಮನದ್ದು ಊಟದ ತೊಂದರೆ ಅಲ್ಲ, ಹೊಟ್ಟೆ ಅದನ್ನು ಹೀರಿಕೊಳ್ಳುವುದಿಲ್ಲ ಅಂತ ಡಾಕ್ಟರ್ ಹೇಳಿದ್ದು. ಗೊತ್ತಿಲ್ಲದೆ ಇನ್ನೊಬ್ಬರ ಬಾಳೆಲೆಗೆ ಕೈ ಹಾಕಬೇಡಿ.

ಮಲ್ಪೆ ಮೀನು: ಕೈ ಯಾರು ಹಾಕಿದ್ದು? ನಿಮ್ಮ ಬಾಳೆಲೆಯಲ್ಲಿ ತೆಗೀಲಿಕ್ಕೆ ಎಂತ ಉಂಟು?

ಕದ್ರಿಯಿಂದ ಮಗಳು: ಎಂಆರ್‌ಐ ಎಷ್ಟು ಹೊತ್ತು ಅಂತ ಯಾರಾದರೂ ಹೇಳ್ತೀರಾ? ಕರಿಮಣಿ ವಿಷಯ ಓದಿ ಅಪ್ಪ ಇನ್ನೂ ಬಿಗಿಯಾಗಿದ್ದಾರೆ.

ಕೊಡವೂರಿನವ: ಸುರತ್ಕಲ್‌ನವರಿಗೆ. ಹೌದು, ಮೊದಲ ನಾಲ್ಕು ವರ್ಷ ಹೆಂಡತಿಯೇ ಕರ್ಕೊಂಡು ಹೋದದ್ದು. ಅದಕ್ಕೂ ಇದಕ್ಕೂ ಎಂತ ಸಂಬಂಧ?