ಅಪ್‌ಡೇಟ್: ಅಜ್ಜನ ಜೀಪಿನ ಹರಾಜು ಏನಾಯ್ತು

ಸೋಮವಾರಪೇಟೆ ತೋಟದಲ್ಲಿರುವ ಅಜ್ಜನ ವಿಲ್ಲೀಸ್ ಜೀಪನ್ನು ಆನ್‌ಲೈನ್ ಹರಾಜಿಗೆ ಹಾಕಲೇ ಎಂದು ಕೇಳಿದ್ದೆನಲ್ಲ, ಹಾಕಿದೆ. ಮಾರಾಟ ಆಗಲಿಲ್ಲ. ಹರಾಜಿನಲ್ಲಿ ಗೆದ್ದವರು ಹೊರರಾಜ್ಯದವರು, ಗಾಡಿ ನೋಡದೆ ಬಿಡ್ ಮಾಡಿ, ಆಮೇಲೆ ಚಾಸಿಯ (ಗಾಡಿಯ ತಳದ ಚೌಕಟ್ಟಿನ) ತುಕ್ಕಿನ ಫೋಟೊ ಕೇಳಿ, ಫೋನ್ ಎತ್ತುವುದನ್ನೇ ನಿಲ್ಲಿಸಿದರು. ಕೊಡಗಿನ ಮಳೆಗೆ ತುಕ್ಕು ಹಿಡಿಯದ ಜೀಪು ಎಲ್ಲಿದೆ ಸ್ವಾಮಿ! ಹರಾಜಿಗೆ ಹಾಕಲು ಕಟ್ಟಿದ ಲಿಸ್ಟಿಂಗ್ ಶುಲ್ಕವೂ ಹೋಯಿತು. ಅದಕ್ಕಿಂತ ತಲೆನೋವೆಂದರೆ ಆ ಕೊನೆಯ ಬಿಡ್ ಮೊತ್ತ ಎಲ್ಲರಿಗೂ ಕಾಣುತ್ತದೆ. ಈಗ ಕೇಳುವವರೆಲ್ಲ ಅದಕ್ಕಿಂತ ಕೆಳಗಿನಿಂದಲೇ ಚೌಕಾಸಿ ಶುರು ಮಾಡುತ್ತಾರೆ.

ಕಾಗದಪತ್ರ ಕೇಳಿದವರಿಗೆ: ಹೊರರಾಜ್ಯಕ್ಕೆ ಹೋದರೆ ಫಾರಂ 28ರ ನಿರಾಕ್ಷೇಪಣಾ ಪತ್ರ, ಅಂದರೆ ಎನ್‌ಒಸಿ, ಮಾಲೀಕತ್ವ ಬದಲಾವಣೆಗೆ 29, 30. ಕೆಲವರು ಹೇಳಿದ್ದ 2021ರ ನಿಯಮದ ವಿಂಟೇಜ್ (ಹಳೆಯ ಗಾಡಿಗಳ) ನೋಂದಣಿ 50 ವರ್ಷ ದಾಟಿ ಮೂಲರೂಪದಲ್ಲೇ ಇರುವ ಗಾಡಿಗೆ ಮಾತ್ರ. ನಮ್ಮದಕ್ಕೆ ಅಜ್ಜ ಡೀಸೆಲ್ ಎಂಜಿನ್ ಕೂರಿಸಿಬಿಟ್ಟಿದ್ದಾರೆ. ಸದ್ಯ ಕುಶಾಲನಗರದ ಮೆಕ್ಯಾನಿಕ್ ಹೇಳಿದ ಪ್ಲಾಂಟರ್ ಒಬ್ಬರು ಭಾನುವಾರ ನೋಡಲು ಬರುತ್ತಾರಂತೆ.