ಅಜ್ಜಿಯ ನಗುವನ್ನು ಟೇಪಿನಿಂದಲೇ ತೆಗೆಯೋಣ

ಎಲ್ಲರಿಗೂ ನಮಸ್ಕಾರ. ಪುಟ್ಟೀ, ನಿನ್ನೆ ರಾತ್ರಿ ನೀನು ಗುಂಪಿನಲ್ಲಿ ಎರಡು ಪ್ರಶ್ನೆ ಕೇಳಿದ್ದೆ. ಅಜ್ಜಿಯ ವರ್ಷಾಂತಿಕಕ್ಕೆ ಚೌಕಟ್ಟು ಹಾಕಿಸಲು 2003ರ ಹಳೆಯ ವಿಡಿಯೋದಿಂದ ಅವರ ನಗುಮುಖದ ಒಂದು ಫೋಟೋ ತೆಗೆಯಬಹುದೇ ಎಂಬುದು ಒಂದು. ಅದೇ ಹ್ಯಾಂಡಿಕ್ಯಾಮಿನಲ್ಲಿ 'ಫೋಟೋ' ಎಂಬ ಗುಂಡಿಯೂ ಇರುವುದರಿಂದ ಮುಂದಿನ ಉಪನಯನಕ್ಕೆ ಫೋಟೋಗಳನ್ನೂ ಅದರಲ್ಲೇ ತೆಗೆದರಾಗದೇ ಎಂಬುದು ಇನ್ನೊಂದು. ಬಾಯಿಮಾತಿನಲ್ಲಿ ಹೇಳಿದರೆ ಅಂಕಿಸಂಖ್ಯೆಗಳು ಯಾರ ನೆನಪಿನಲ್ಲೂ ಉಳಿಯುವುದಿಲ್ಲ, ಆದ್ದರಿಂದ ಹೇಳಬೇಕಾದುದನ್ನೆಲ್ಲ ಬರೆದೇ ಕಳುಹಿಸುತ್ತಿದ್ದೇನೆ. ಸ್ವಲ್ಪ ಉದ್ದವಾಗಿದೆ, ಅಕ್ಕ ಬಿಡುವು ಮಾಡಿಕೊಂಡು ಓದಲಿ.

ಮೊದಲ ಪ್ರಶ್ನೆಯೇ ಮುಖ್ಯವಾದದ್ದು, ಏಕೆಂದರೆ ಅಂದು ಕ್ಯಾಮೆರಾ ಹಿಡಿದವನು ನಾನೇ. ನಮ್ಮಲ್ಲಿರುವ ಅಮ್ಮನ, ಅಂದರೆ ನಿನ್ನ ಅಜ್ಜಿಯ, ಫೋಟೋಗಳಲ್ಲೆಲ್ಲ ಅವರು ಉಸಿರು ಬಿಗಿಹಿಡಿದು, ಸೆರಗು ಎಳೆದುಕೊಂಡು, ಯಾವಾಗ ಮುಗಿಯುತ್ತದೋ ಎಂಬಂತೆ ನಿಂತಿದ್ದಾರೆ. ಅವರು ಹಾಗಿರಲಿಲ್ಲವೆಂದು ನಮಗೆಲ್ಲ ಗೊತ್ತು. ಆ ವರ್ಷದ ಡಿಸೆಂಬರಿನಲ್ಲಿ, ಗೃಹಪ್ರವೇಶದ ಹಿಂದಿನ ರಾತ್ರಿ, ಅಂಗಳದ ಚಪ್ಪರದ ಕೆಳಗೆ ಅಡಿಕೆ ಸುಲಿಯುತ್ತ ಕುಳಿತಿದ್ದವರು, ಹಿಂದಿನಿಂದ ಯಾರೋ 'ಎಷ್ಟು ಡಬ್ಬ ಆಯಿತು' ಎಂದು ಕೇಳಿದಾಗ ಮೆಟ್ಟುಗತ್ತಿಯಿಂದ ತಲೆಯೆತ್ತಿ, ನನ್ನ ಕಡೆಗೆ ನೋಡಿ ನಕ್ಕರು. ಆ ಟೇಪಿನಿಂದ ಮಾಡಿಸಿದ ಡಿವಿಡಿಯಲ್ಲಿ ಆ ಜಾಗ 41ನೆಯ ನಿಮಿಷದ 12ನೆಯ ಸೆಕೆಂಡಿನಲ್ಲಿದೆ. ನಿನ್ನೆ ನಿನ್ನ ಸಂದೇಶ ಬಂದ ಮೇಲೆ ಕುಳಿತು ಹುಡುಕಿದೆ.

ನೀನು ಟಿವಿಯನ್ನು ನಿಲ್ಲಿಸಿ ಮೊಬೈಲಿನಿಂದ ತೆಗೆದು ಹಾಕಿದ ಚಿತ್ರದಲ್ಲಿ ಅಮ್ಮನ ಕೆನ್ನೆಯ ಮೇಲೆ ಅಲೆಅಲೆಯಾದ ಗೆರೆಗಳು ಬಂದಿವೆ. ಅದು ನಿನ್ನ ಮೊಬೈಲಿನ ದೋಷವಲ್ಲ. ಟಿವಿ ಪರದೆಯ ಚುಕ್ಕೆಗಳದ್ದೊಂದು ಜಾಲ, ಮೊಬೈಲಿನ ಸೆನ್ಸರಿನದು ಇನ್ನೊಂದು ಜಾಲ. ಒಂದರ ಮೇಲೊಂದು ಬಿದ್ದಾಗ ಇಂಥ ಗೆರೆಗಳು ಹುಟ್ಟಿಕೊಳ್ಳುತ್ತವೆ. ಪರದೆಯ ಫೋಟೋ ತೆಗೆಯುವ ಅಗತ್ಯವೇ ನಮಗಿಲ್ಲ, ಏಕೆಂದರೆ ವಿಡಿಯೋ ಎನ್ನುವುದೇ ಒಂದರ ಹಿಂದೊಂದು ಪೋಣಿಸಿದ ಫೋಟೋಗಳ ಸಾಲು. ನಮ್ಮ ದೇಶದಲ್ಲಿ ಆಗ ನಡೆಯುತ್ತಿದ್ದ ಪಾಲ್ ಎಂಬ ಟಿವಿ ಪದ್ಧತಿಯಲ್ಲಿ ಸೆಕೆಂಡಿಗೆ 25 ಚಿತ್ರಗಳು, ಅಂದರೆ ನಿಮಿಷಕ್ಕೆ 1,500. ಅಮ್ಮ ನಕ್ಕ ಎರಡು ಸೆಕೆಂಡಿನಲ್ಲಿ 50 ಚಿತ್ರಗಳಿವೆ, ಅವುಗಳಲ್ಲಿ ನಮಗೆ ಬೇಕಾದದ್ದು ಒಂದು.

ಆದರೆ ಆ ಒಂದು ಚಿತ್ರ ಎಷ್ಟು ದೊಡ್ಡದು ಎಂಬುದನ್ನು ಮೊದಲೇ ತಿಳಿದುಕೊಂಡರೆ ಮುಂದೆ ನಿರಾಸೆಯಾಗುವುದಿಲ್ಲ. ನಮ್ಮ ಕ್ಯಾಮೆರಾದ ಮಿನಿ ಡಿವಿ ಟೇಪಿನ ಒಂದು ಚಿತ್ರದಲ್ಲಿ ಅಡ್ಡಲಾಗಿ 720, ಉದ್ದಕ್ಕೆ 576 ಚುಕ್ಕೆಗಳಿರುತ್ತವೆ. ಗುಣಿಸಿದರೆ 4,14,720, ಅಂದರೆ ಅರ್ಧ ಮೆಗಾಪಿಕ್ಸೆಲ್ (ಐದು ಲಕ್ಷ ಚುಕ್ಕೆ) ಕೂಡ ಇಲ್ಲ. ನಿನ್ನ ಮೊಬೈಲಿನ 12 ಮೆಗಾಪಿಕ್ಸೆಲ್ ಚಿತ್ರ ಇದಕ್ಕಿಂತ ಸುಮಾರು 29 ಪಟ್ಟು ದೊಡ್ಡದು. ಜೊತೆಗೆ ಈ ಚುಕ್ಕೆಗಳು ಪೂರ್ತಿ ಚೌಕಾಕಾರದವೂ ಅಲ್ಲ. ಚಿತ್ರವನ್ನು ಅಡ್ಡಕ್ಕೆ 768ಕ್ಕೆ ಹಿಗ್ಗಿಸಿದರೆ ಮಾತ್ರ ಆಕಾರ ಸರಿಯಾಗುತ್ತದೆ. ಹಾಗೆ ಮಾಡದೆ ಮುದ್ರಿಸಿದರೆ ಮುಖ ತುಸು ಸಪೂರವಾಗಿ, ಗಲ್ಲ ಬತ್ತಿದಂತೆ ಕಾಣುತ್ತದೆ. ಸ್ಟುಡಿಯೋದವರಿಗೆ ಕೊಡುವಾಗ ಈ ಮಾತನ್ನು ಮರೆಯದೆ ಹೇಳಬೇಕು.

ಇನ್ನೊಂದು ತೊಡಕು ಇದಕ್ಕಿಂತ ಸೂಕ್ಷ್ಮವಾದದ್ದು. ಆ ಕಾಲದ ಕ್ಯಾಮೆರಾ ಒಂದು ಪೂರ್ಣ ಚಿತ್ರವನ್ನು ಒಂದೇ ಏಟಿಗೆ ತೆಗೆಯುತ್ತಿರಲಿಲ್ಲ. 576 ಗೆರೆಗಳಲ್ಲಿ ಒಂದು ಬಿಟ್ಟು ಒಂದರಂತೆ 288 ಗೆರೆಗಳನ್ನು ಮೊದಲು ತೆಗೆದು, ಸೆಕೆಂಡಿನ ಐವತ್ತನೆಯ ಒಂದು ಭಾಗ ಕಳೆದ ಮೇಲೆ ಉಳಿದ 288 ಗೆರೆಗಳನ್ನು ತೆಗೆಯುತ್ತಿತ್ತು. ಕುಳಿತ ಮನುಷ್ಯ ಅಲ್ಲಾಡದಿದ್ದರೆ ಎರಡೂ ಅರ್ಧಗಳು ಸರಿಯಾಗಿ ಕೂಡಿಕೊಳ್ಳುತ್ತವೆ. ಅಲ್ಲಾಡಿದರೆ ಅಂಚುಗಳು ಬಾಚಣಿಗೆಯ ಹಲ್ಲಿನಂತೆ ಸೀಳಿಕೊಳ್ಳುತ್ತವೆ. ಅಮ್ಮನ ಚಿತ್ರದಲ್ಲಿ ಇವೆರಡೂ ಇವೆ. ಮುಖ ಅರೆಕ್ಷಣ ನಿಂತಿದೆ, ಕಣ್ಣಿನ ಬದಿಯ ಸುಕ್ಕುಗಳು ಕೂಡ ಎಣಿಸುವ ಹಾಗಿವೆ. ಬಲಗೈ ಮಾತ್ರ ಆಗಲೂ ಕೆಲಸ ಬಿಟ್ಟಿಲ್ಲ, ಬೆರಳುಗಳ ನಡುವಿನ ಅಡಿಕೆಯ ಅಂಚಿನಲ್ಲಿ ಗೆರೆಗಳು ಎದ್ದಿವೆ. ಕಂಪ್ಯೂಟರಿನಲ್ಲಿ ವಿಡಿಯೋ ನೋಡುವ ತಂತ್ರಾಂಶವಾದ ವಿಎಲ್‌ಸಿಯಲ್ಲಿ ಡಿಇಂಟರ್‌ಲೇಸ್ ಎಂಬ ಆಯ್ಕೆಯನ್ನು ಹಾಕಿಕೊಂಡರೆ ಈ ಹಲ್ಲುಗಳು ಬಹುಮಟ್ಟಿಗೆ ಅಡಗುತ್ತವೆ. ಅದರಲ್ಲೇ 'ಇ' ಕೀಲಿಯನ್ನು ಒತ್ತುತ್ತ ಹೋದರೆ ಒಂದೊಂದೇ ಚಿತ್ರ ಮುಂದಕ್ಕೆ ಸರಿಯುತ್ತದೆ, ಮೆಚ್ಚಿದ ಕಡೆ ನಿಲ್ಲಿಸಿ ಅದನ್ನು ಚಿತ್ರವಾಗಿ ಉಳಿಸಿಕೊಳ್ಳಬಹುದು. ಉಳಿಸುವಾಗ ಪಿಎನ್‌ಜಿ ರೂಪದಲ್ಲಿ ಉಳಿಸು. ಜೆಪೆಗ್ ಆದರೆ ಇರುವ ಅಲ್ಪ ವಿವರವನ್ನೂ ಮತ್ತೊಮ್ಮೆ ಹಿಂಡಿಬಿಡುತ್ತದೆ.

ನಾನು ನಿನ್ನೆ ಮಾಡಿ ನೋಡಿದ್ದು ಇನ್ನೂ ಒಂದು ಹೆಜ್ಜೆ ಮುಂದಿನದು. ಒಂದೇ ಒಂದು ಬಲ್ಬಿನ ಬೆಳಕಿನಲ್ಲಿ ತೆಗೆದದ್ದರಿಂದ ಚಿತ್ರದ ತುಂಬ ರವೆ ಚೆಲ್ಲಿದಂತೆ ಕಾಳುಕಾಳಾಗಿದೆ. ಬೆಳಕು ಸಾಲದಾಗ ಕ್ಯಾಮೆರಾ ತನ್ನಷ್ಟಕ್ಕೆ ತಾನೇ ಸೆನ್ಸರಿನ ಸಂಕೇತವನ್ನು (ಸಿಗ್ನಲ್) ಹಿಗ್ಗಿಸಿಕೊಳ್ಳುತ್ತದೆ, ಅದರೊಂದಿಗೆ ಈ ಕಾಳೂ ಹಿಗ್ಗುತ್ತದೆ. ಆದರೆ ಈ ಕಾಳು ಒಂದೊಂದು ಚಿತ್ರದಲ್ಲಿ ಒಂದೊಂದು ಕಡೆ ಬಿದ್ದಿರುತ್ತದೆ, ಮುಖವಾದರೋ ಎಲ್ಲದರಲ್ಲೂ ಅದೇ ಮುಖ. ಹೀಗಾಗಿ ಅಮ್ಮ ಅಲ್ಲಾಡದೆ ಇದ್ದ 9 ಚಿತ್ರಗಳನ್ನು ಒಂದರ ಮೇಲೊಂದು ಹೊಂದಿಸಿ ಸರಾಸರಿ ತೆಗೆದೆ. ಲೆಕ್ಕದ ಪ್ರಕಾರ 9 ಚಿತ್ರಗಳ ಸರಾಸರಿಯಲ್ಲಿ ಕಾಳು ಮೂರರಲ್ಲಿ ಒಂದು ಭಾಗಕ್ಕೆ ಇಳಿಯಬೇಕು, ಬಹುಮಟ್ಟಿಗೆ ಹಾಗೆಯೇ ಇಳಿಯಿತು. ಮೂಗುಬೊಟ್ಟಿನ ಏಳು ಹರಳುಗಳಲ್ಲಿ ನಾಲ್ಕು ಬೇರೆಬೇರೆಯಾಗಿ ಕಾಣಿಸಿದವು. ಬಹಳ ಹೊತ್ತು ಅದನ್ನೇ ನೋಡುತ್ತ ಕುಳಿತೆ.

ಈ ಹರಳಿನ ಮಾತು ಬಂದದ್ದರಿಂದ ಭಾವನವರಿಗೆ ಒಂದು ವಿನಂತಿ. ಭಾವ, ತಾವು ಅಕ್ಕರೆಯಿಂದಲೇ ಯಾವುದೋ ಆ್ಯಪಿನಲ್ಲಿ ಹಾಕಿ 'ಸ್ಪಷ್ಟ ಮಾಡಿಸಿ' ಗುಂಪಿಗೆ ಕಳುಹಿಸಿದ ಚಿತ್ರವನ್ನು ನೋಡಿದೆ. ಮೇಲ್ನೋಟಕ್ಕೆ ಅದು ಬಹಳ ಚೊಕ್ಕಟವಾಗಿದೆ. ಆದರೆ ಅದರಲ್ಲಿ ಮೂಗುಬೊಟ್ಟು ಒಂಟಿ ಹರಳಿನದಾಗಿದೆ, ಮೇಲಿನ ಹಲ್ಲುಗಳ ನಡುವಿನ ಸಂದು ಮುಚ್ಚಿಹೋಗಿದೆ, ಎಡಹುಬ್ಬಿನ ಮೇಲೆ ಬಾಲ್ಯದಲ್ಲಿ ಬಿದ್ದು ಆದ ಗಾಯದ ಗುರುತೇ ಇಲ್ಲ. ಆ ಆ್ಯಪು ನಮ್ಮ ಟೇಪಿನಲ್ಲಿ ಅಡಗಿದ್ದ ವಿವರವನ್ನು ಹೊರತೆಗೆದದ್ದಲ್ಲ. ಸಾವಿರಾರು ಬೇರೆ ಮುಖಗಳಿಂದ ಕಲಿತದ್ದನ್ನು ನಮ್ಮ ಅಮ್ಮನ ಮುಖದ ಮೇಲೆ ಬರೆದಿದೆ. ಒಂಬತ್ತು ಚಿತ್ರಗಳ ಸರಾಸರಿಯಲ್ಲಿ ಮಸುಕಿದ್ದರೂ ಅಲ್ಲಿ ಕಾಣುವ ಪ್ರತಿಯೊಂದು ಗುರುತೂ ಆ ರಾತ್ರಿ ಅವರ ಮುಖದ ಮೇಲೆ ಬಿದ್ದ ಬೆಳಕಿನಿಂದಲೇ ಬಂದದ್ದು. ವರ್ಷಾಂತಿಕದ ದಿನ ನಾವು ಕೈಮುಗಿಯುವುದು ಆ ಮುಖಕ್ಕೇ ಆಗಿರಬೇಕೆಂಬುದು ನನ್ನ ಗಟ್ಟಿ ಅಭಿಪ್ರಾಯ, ದಯವಿಟ್ಟು ಅನ್ಯಥಾ ಭಾವಿಸಬೇಡಿ.

ಮುದ್ರಣದ ಅಳತೆಗೆ ಬರೋಣ. ಇಂಚಿಗೆ 150 ಚುಕ್ಕೆಗಳ ಲೆಕ್ಕದಲ್ಲಿ ಮುದ್ರಿಸಿದರೆ ಈ ಚಿತ್ರ ಸುಮಾರು 5 ಇಂಚು ಅಗಲ, 4 ಇಂಚಿಗಿಂತ ತುಸು ಕಡಿಮೆ ಎತ್ತರ ಬರುತ್ತದೆ. ಅದಕ್ಕಿಂತ ದೊಡ್ಡದು ಬೇಡ. ಅದನ್ನು 8×10 ಇಂಚಿನ ಚೌಕಟ್ಟಿನಲ್ಲಿ, ಸುತ್ತಲೂ ಅಗಲವಾದ ಬಿಳಿಯ ಮೌಂಟ್ ಬಿಟ್ಟು ನಡುವೆ ಕೂರಿಸಿದರೆ ಗೋಡೆಯ ಮೇಲೆ ಗಂಭೀರವಾಗಿ ಕಾಣುತ್ತದೆ. ಮುಖವನ್ನು ಮಾತ್ರ ಕತ್ತರಿಸಿ ದೊಡ್ಡದು ಮಾಡೋಣವೆಂದು ಅತ್ತಿಗೆ ಹೇಳಿದ್ದರು. ಚಿತ್ರದ ಎತ್ತರದಲ್ಲಿ ಮುಖ ನಾಲ್ಕರಲ್ಲೊಂದು ಭಾಗವಷ್ಟೇ ಇದೆ, ಅಂದರೆ 144 ಗೆರೆ. ಅದನ್ನು ಒಂದಡಿ ಮಾಡಿದರೆ ಉಳಿಯುವುದು ಮಂಜು ಮಾತ್ರ. ಅದಕ್ಕಿಂತ ಹೆಚ್ಚಾಗಿ, ಮೆಟ್ಟುಗತ್ತಿ, ಮುಂದಿನ ಅಡಿಕೆ ರಾಶಿ, ಮಡಿಲಿಗೆ ಹಾಸಿಕೊಂಡ ಹಳೆಯ ಪಂಚೆಯ ತುಂಡು, ಇವೆಲ್ಲ ಅವರ ಜೊತೆಗೇ ಇರಲಿ ಎಂದು ನನಗೆ ಅನ್ನಿಸುತ್ತದೆ.

ಈಗ ಟೇಪಿನ ವಿಷಯ. ನಾನು ಈವರೆಗೆ ಮಾಡಿದ್ದೆಲ್ಲ ಅಂಗಡಿಯೊಂದರಲ್ಲಿ ಹಿಂದೆ ಮಾಡಿಸಿಕೊಂಡ ಡಿವಿಡಿಯ ಮೇಲೆ. ಡಿವಿಡಿಯಲ್ಲಿಯೂ ಚುಕ್ಕೆಗಳ ಲೆಕ್ಕ ಅಷ್ಟೇ, ಆದರೆ ಟೇಪಿನಲ್ಲಿ ಸೆಕೆಂಡಿಗೆ 25 ಮೆಗಾಬಿಟ್ ಇದ್ದ ಮಾಹಿತಿಯನ್ನು ಅದರ ಒಂದು ಸಣ್ಣ ಪಾಲಿಗೆ ಹಿಂಡಿ ಡಿವಿಡಿಗೆ ಇಳಿಸಿರುತ್ತಾರೆ. ಅಮ್ಮನ ಸೆರಗಿನ ಕತ್ತಲೆಯ ಭಾಗದಲ್ಲಿ ಚೌಕಚೌಕವಾಗಿ ಕಾಣುವ ಕಲೆಗಳು ಅದರ ಫಲ. ಮೂಲ ಟೇಪು ದೊರೆತರೆ ಚಿತ್ರ ಖಂಡಿತ ಇದಕ್ಕಿಂತ ಚೆನ್ನಾಗಿ ಬರುತ್ತದೆ. ಟೇಪಿನಿಂದ ಕಂಪ್ಯೂಟರಿಗೆ ಫೈರ್‌ವೈರ್ ಎಂಬ ತಂತಿಯ ಮೂಲಕವೇ ಇಳಿಸಿಕೊಳ್ಳಬೇಕು. ಆಗ ಟೇಪಿನಲ್ಲಿರುವ ಅಂಕಿಗಳು ಇದ್ದದ್ದು ಇದ್ದ ಹಾಗೆಯೇ ನಕಲಾಗುತ್ತವೆ, ಒಂದು ಗಂಟೆಯ ಟೇಪಿಗೆ ಸುಮಾರು 13 ಜಿಬಿ ಜಾಗ ಹಿಡಿಯುತ್ತದೆ. ಹಳದಿ, ಕೆಂಪು, ಬಿಳಿಯ ಮೂರು ಪಿನ್ನುಗಳ ತಂತಿಯಿಂದ ಇಳಿಸಿದರೆ ಅದು ಪರದೆಯ ಫೋಟೋ ತೆಗೆದದ್ದಕ್ಕಿಂತ ಒಂದೇ ಮೆಟ್ಟಿಲು ಮೇಲು. ನನ್ನ ಹಳೆಯ ಕಂಪ್ಯೂಟರಿನಲ್ಲಿ ಫೈರ್‌ವೈರ್ ಕಾರ್ಡ್ ಈಗಲೂ ಕೆಲಸ ಮಾಡುತ್ತಿದೆ.

ಆದ್ದರಿಂದ ಅಣ್ಣ, ಟೇಪು ಸಿಕ್ಕ ಕೂಡಲೇ ಕ್ಯಾಮೆರಾಕ್ಕೆ ಹಾಕಿ ನೋಡುವುದು ಬೇಡ. ಕಾಲು ಇಂಚು ಅಗಲದ, ಕೂದಲಿಗಿಂತ ತೆಳುವಾದ ಪಟ್ಟಿ ಅದು. ನಮ್ಮೂರಿನ ಮಳೆಗಾಲವನ್ನು ಇಪ್ಪತ್ತಕ್ಕೂ ಹೆಚ್ಚು ಸಲ ಕಪಾಟಿನೊಳಗೇ ಕಳೆದಿರುವುದರಿಂದ ಬೂಷ್ಟು ಹಿಡಿದಿರುವ ಸಾಧ್ಯತೆಯಿದೆ. ಡಬ್ಬಿಯ ಗಾಜಿನಂಥ ಕಿಂಡಿಯಿಂದ ನೋಡಿದಾಗ ಸುರುಳಿಯ ಅಂಚಿನಲ್ಲಿ ಬೆಳ್ಳಗಿನ ಪುಡಿ ಕಂಡರೆ ಅದನ್ನು ಮುಟ್ಟದೆ ನನಗೆ ತಿಳಿಸು, ಶುಚಿಮಾಡುವವರ ಹತ್ತಿರ ಮೊದಲು ಒಯ್ಯಬೇಕಾಗುತ್ತದೆ. ಟೇಪು ಚೆನ್ನಾಗಿಯೇ ಇದ್ದರೂ, ಬೇಕಾದ ಜಾಗದಲ್ಲಿ ಪಾಜ್ ಗುಂಡಿ ಒತ್ತಿ ಎಲ್ಲರನ್ನೂ ಕರೆದು ತೋರಿಸುತ್ತ ಕೂರಬಾರದು. ಪಾಜ್ ಎಂದರೆ ಟೇಪು ನಿಂತಿರುತ್ತದೆ, ಅದನ್ನು ಓದುವ ಒಳಗಿನ ಡ್ರಮ್ ನಿಂತಿರುವುದಿಲ್ಲ. ನಿಮಿಷಕ್ಕೆ 9,000 ಸುತ್ತು ತಿರುಗುತ್ತ ಅದೇ ಜಾಗವನ್ನೇ ಉಜ್ಜುತ್ತಿರುತ್ತದೆ. ನಮಗೆ ಬೇಕಾದ ಎರಡು ಸೆಕೆಂಡೇ ಸವೆದುಹೋಗಬಾರದು.

ಎರಡನೆಯ ಪ್ರಶ್ನೆಗೆ ಇಷ್ಟು ಉದ್ದದ ಉತ್ತರ ಬೇಕಿಲ್ಲ. ಆ ಕ್ಯಾಮೆರಾದ 'ಫೋಟೋ' ಗುಂಡಿ ಒತ್ತಿದರೆ ಅದು ಅದೇ 720×576ರ ಚಿತ್ರವನ್ನು ಟೇಪಿನ ಮೇಲೆ ಆರೇಳು ಸೆಕೆಂಡು ಅಲ್ಲಾಡದೆ ಬರೆದಿಡುತ್ತದೆ, ಅಷ್ಟೇ. ಮೆಮೊರಿ ಕಾರ್ಡಿಗೆ ತೆಗೆದರೆ 640×480, ಅಂದರೆ ಇನ್ನೂ ಚಿಕ್ಕದು. ಉಪನಯನದ ಮುಖ್ಯ ಫೋಟೋಗಳನ್ನು ಅದರಲ್ಲಿ ತೆಗೆಯುವುದು ಬೇಡ.

ಆದರೆ ನಿನ್ನ ಆಲೋಚನೆಯನ್ನು ಪೂರ್ತಿ ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಮಾತೃಭೋಜನದಲ್ಲಿ ವಟು ತಾಯಿಯ ಕೈತುತ್ತು ತಿನ್ನುವಾಗ, ಭಿಕ್ಷೆ ಬೇಡುವಾಗ, ಫೋಟೋಗ್ರಾಫರು 'ಇತ್ತ ನೋಡಿ' ಎಂದ ಕೂಡಲೇ ಎಲ್ಲರ ಮುಖವೂ ಕಲ್ಲಾಗುತ್ತದೆ. ಅಂಥ ಕಡೆ ಮೂಲೆಯಲ್ಲಿ ಸ್ಟ್ಯಾಂಡಿನ ಮೇಲೆ ಸುಮ್ಮನೆ ಓಡುತ್ತಿರುವ ಒಂದು ವಿಡಿಯೋ ಕ್ಯಾಮೆರಾದಿಂದ ಆಮೇಲೆ ಫೋಟೋ ಆರಿಸಿಕೊಳ್ಳುವುದೇ ಉತ್ತಮ. ಫುಲ್ ಎಚ್‌ಡಿ ಕ್ಯಾಮೆರಾದ ಒಂದು ಚಿತ್ರ 1920×1080, ಸುಮಾರು 2 ಮೆಗಾಪಿಕ್ಸೆಲ್. 4×6 ಇಂಚಿನ ಮುದ್ರಣಕ್ಕೆ ಧಾರಾಳವಾಗಿ ಸಾಕು. 4ಕೆ ಆದರೆ 3840×2160, ಅಂದರೆ 8 ಮೆಗಾಪಿಕ್ಸೆಲಿಗೂ ಮಿಗಿಲು, ಆಲ್ಬಮಿನ ಪೂರ್ತಿ ಪುಟಕ್ಕೂ ಆಗುತ್ತದೆ. ನೀನು ಬಾಡಿಗೆಗೆ ತರುವುದಾದರೆ 4ಕೆ ಕ್ಯಾಮೆರಾವನ್ನೇ ತಾ. ಶಟರನ್ನು, ಅಂದರೆ ಒಂದೊಂದು ಚಿತ್ರಕ್ಕೂ ಬೆಳಕು ಬೀಳುವ ಕಾಲವನ್ನು, ಮಾತ್ರ ಕೈಯಿಂದ ಸೆಕೆಂಡಿನ 1/100ಕ್ಕೆ ಇಡಬೇಕು. ಸಾಮಾನ್ಯವಾಗಿ ವಿಡಿಯೋಗೆ ಇಡುವ 1/50ರಲ್ಲಿ ಚಲನೆ ನಯವಾಗಿ ಕಾಣುತ್ತದೆ, ಆದರೆ ಚಿತ್ರವೊಂದನ್ನು ಬಿಡಿಸಿ ತೆಗೆದಾಗ ಎತ್ತಿದ ಕೈ ಮಸುಕಾಗಿರುತ್ತದೆ. 1/100ಕ್ಕೆ ಏರಿಸಿದರೆ ಆ ಮಸುಕು ಅರ್ಧಕ್ಕಿಳಿಯುತ್ತದೆ, ಮತ್ತು ನಮ್ಮ 50 ಹರ್ಟ್ಸ್ ವಿದ್ಯುತ್ತಿನಲ್ಲಿ ದೀಪಗಳು ಸೆಕೆಂಡಿಗೆ 100 ಸಲ ಮಿನುಗುವುದರಿಂದ ಈ ವೇಗದಲ್ಲಿ ಚಿತ್ರದ ಮೇಲೆ ಕಪ್ಪು ಪಟ್ಟಿಗಳೂ ಬೀಳುವುದಿಲ್ಲ. ಬೆಳಕು ಕಡಿಮೆಯಾಯಿತು ಎನ್ನಿಸಿದರೆ ಮಂಟಪಕ್ಕೆ ಇನ್ನೊಂದು ದೀಪ ಹಾಕಿಸೋಣ.

ಅಣ್ಣ, ಟೇಪುಗಳು ದೇವರ ಕೋಣೆಯ ಪಕ್ಕದ ಕಪಾಟಿನ ಮೇಲಿನ ಖಾನೆಯಲ್ಲಿ, ನೀಲಿ ಬಿಸ್ಕತ್ತಿನ ಡಬ್ಬಿಯಲ್ಲಿ ಇದ್ದವೆಂದು ನನ್ನ ನೆನಪು. ಎರಡು ಇರಬೇಕು. ನಮ್ಮ ಕ್ಯಾಮೆರಾದ್ದರ ಮೇಲೆ ನಾನು ಹಸಿರು ಶಾಯಿಯಲ್ಲಿ '1' ಎಂದು ಬರೆದಿದ್ದೆ. ಇನ್ನೊಂದು ಭಾವ ಅಮೆರಿಕದಿಂದ ತಂದ ಕ್ಯಾಮೆರಾದ್ದು, ಅದರಲ್ಲಿ 576ರ ಬದಲು 480 ಗೆರೆಗಳೇ ಇರುವುದರಿಂದ ನಮಗೆ ಮೊದಲು ಬೇಕಾದದ್ದು ಹಸಿರು ಶಾಯಿಯ '1'. ಎರಡನ್ನೂ ಒಣಗಿದ ಪ್ಲಾಸ್ಟಿಕ್ ಡಬ್ಬಿಯಲ್ಲಿ, ಹೊಸ ಚಪ್ಪಲಿ ಪೆಟ್ಟಿಗೆಯಲ್ಲಿ ಬರುವ ಆ ಸಣ್ಣ ಸಿಲಿಕಾ ಪೊಟ್ಟಣ ಹಾಕಿ ಇಟ್ಟಿರು. ಬರುವ ಭಾನುವಾರ ನಾನೇ ಸಾಗರಕ್ಕೆ ಬಂದು ತೆಗೆದುಕೊಂಡು ಹೋಗುತ್ತೇನೆ. ಬಸ್ಸಿನವರ ಕೈಯಲ್ಲಿ ಕೊಟ್ಟು ಕಳುಹಿಸಬೇಡ.