ಟಿಟಿಎಫ್ ಒಂದೇ, ಆದರೆ ಒಂದು ಹರಳು ಲೋಹದಂತೆ, ಇನ್ನೊಂದು ಅಲ್ಲ. ಯಾಕೆ?

ಪ್ರಶ್ನೆ (ಹರಳುಗಣ್ಣು)
ಟಿಟಿಎಫ್-ಟಿಸಿಎನ್‌ಕ್ಯೂ ಹರಳು ಕೋಣೆಯ ಉಷ್ಣಾಂಶದಲ್ಲಿ ಲೋಹದಂತೆ ವಿದ್ಯುತ್ ಹರಿಸುತ್ತದೆ. ಇದರಲ್ಲಿ ಟಿಟಿಎಫ್ ಎಲೆಕ್ಟ್ರಾನ್ ಕೊಡುವ ಸಾವಯವ ಅಣು (ಡೋನರ್), ಟಿಸಿಎನ್‌ಕ್ಯೂ ಪಡೆಯುವ ಅಣು (ಆಕ್ಸೆಪ್ಟರ್). ಅದೇ ಟಿಟಿಎಫ್ ಕ್ಲೋರಾನಿಲ್ ಎಂಬ ಇನ್ನೊಂದು ಆಕ್ಸೆಪ್ಟರ್ ಜೊತೆ ಸೇರಿದರೆ ಅರೆವಾಹಕ. ಎರಡೂ 1:1. ಕಾರಣ ಆಕ್ಸೆಪ್ಟರ್‌ನ ಬಲವೋ, ಅಣುಗಳ ಜೋಡಣೆಯೋ? ಸಿಐಎಫ್ ಫೈಲ್ (ಹರಳಿನ ರಚನೆಯ ಕಡತ) ನೋಡಿಯೇ ಹೇಳಬಹುದೇ?

ಪದರ_3.17
ಮೊದಲು ಜೋಡಣೆ ನೋಡಿ. ಸಿಐಎಫ್ ಅನ್ನು ಮರ್ಕ್ಯುರಿ ಎಂಬ ತಂತ್ರಾಂಶದಲ್ಲಿ ತೆರೆದು ಸ್ಟ್ಯಾಕ್‌ನ ಪಕ್ಕದಿಂದ ಗಮನಿಸಿ. ಟಿಟಿಎಫ್-ಟಿಸಿಎನ್‌ಕ್ಯೂನಲ್ಲಿ ಬಿ ಅಕ್ಷದ ಗುಂಟ ಟಿಟಿಎಫ್‌ನದ್ದೇ ಒಂದು ಸಾಲು, ಟಿಸಿಎನ್‌ಕ್ಯೂನದ್ದೇ ಇನ್ನೊಂದು. ಬಿ (ಆ ಅಕ್ಷದಲ್ಲಿ ರಚನೆ ಮರುಕಳಿಸುವ ದೂರ) ಸುಮಾರು 3.82 ಆಂಗ್‌ಸ್ಟ್ರಾಂ ಇದೆಯೆಂದು ಅಣುಗಳು ದೂರವಿವೆ ಅಂದುಕೊಳ್ಳಬೇಡಿ. ಅವು ಓರೆಯಾಗಿ ಕೂತಿವೆ. ಸಮತಲದಿಂದ ಸಮತಲಕ್ಕೆ ಅಳೆದರೆ ಟಿಟಿಎಫ್ 3.47, ಟಿಸಿಎನ್‌ಕ್ಯೂ 3.17. ಅಷ್ಟು ಹತ್ತಿರವಿದ್ದಾಗ ಪೈ ಕಕ್ಷಕಗಳು ಚೆನ್ನಾಗಿ ಬೆರೆತು ಅಗಲವಾದ ಬ್ಯಾಂಡ್ (ಎಲೆಕ್ಟ್ರಾನ್ ಓಡಾಡಬಲ್ಲ ಶಕ್ತಿಪಟ್ಟಿ) ಆಗುತ್ತದೆ.

ಕ್ಲೋರಾನಿಲ್ ಹರಳಿನಲ್ಲಿ ಒಂದೇ ಸಾಲಿನಲ್ಲಿ ಡೋನರ್, ಆಕ್ಸೆಪ್ಟರ್, ಮತ್ತೆ ಡೋನರ್. ಹೋಲ್ (ಎಲೆಕ್ಟ್ರಾನ್ ಖಾಲಿಯಾದ ಜಾಗ) ಮುಂದಿನ ಡೋನರ್ ತಲುಪಬೇಕಾದರೆ ನಡುವಿನ ಆಕ್ಸೆಪ್ಟರ್ ದಾಟಬೇಕು. ಈ ಸೂಪರ್‌ಎಕ್ಸ್‌ಚೇಂಜ್ ಬಲ ಪಕ್ಕದ ಅಣುಗಳ ನೇರ ಬೆರೆಯುವಿಕೆಯ ಬಲದ ವರ್ಗವನ್ನು ಶಕ್ತಿಯ ಅಂತರದಿಂದ ಭಾಗಿಸಿದಷ್ಟು, ಹಾಗಾಗಿ ಸಣ್ಣದು.

ಐಆರ್_ಪಟ್ಟಿ
ಸಾಲು ಬೇರೆ ಬೇರೆ ಇದ್ದರಷ್ಟೇ ಸಾಲದು. ಪೊಟ್ಯಾಸಿಯಂ-ಟಿಸಿಎನ್‌ಕ್ಯೂನಲ್ಲೂ ಟಿಸಿಎನ್‌ಕ್ಯೂನದ್ದೇ ಸಾಲಿದೆ, ಆದರೆ ಪ್ರತಿ ಅಣುವಿಗೂ ಪೂರ್ತಿ ಒಂದು ಎಲೆಕ್ಟ್ರಾನ್. ಪಕ್ಕಕ್ಕೆ ಜಿಗಿದರೆ ಒಂದೇ ಅಣುವಿನಲ್ಲಿ ಎರಡು ಎಲೆಕ್ಟ್ರಾನ್, ಅವು ಒಂದನ್ನೊಂದು ತಳ್ಳುತ್ತವೆ, ವಾಹಕತೆ ಬೀಳುತ್ತದೆ. ಟಿಟಿಎಫ್-ಟಿಸಿಎನ್‌ಕ್ಯೂನಲ್ಲಿ ವರ್ಗಾವಣೆ ಅಣುವಿಗೆ ಸುಮಾರು 0.59 ಎಲೆಕ್ಟ್ರಾನ್, ಹಾಗಾಗಿ ಜಿಗಿಯಲು ಜಾಗವಿದೆ. ನಿಮ್ಮ ಆಕ್ಸೆಪ್ಟರ್ ಬಲದ ಪ್ರಶ್ನೆ ಇಲ್ಲಿ ಬರುತ್ತದೆ: ಎಷ್ಟು ವರ್ಗಾವಣೆ ಎಂಬುದರ ಮೇಲೆ ಅದರ ಪ್ರಭಾವವಿದೆ.

ಐಆರ್‌ನಲ್ಲಿ (ಅವಗೆಂಪು ರೋಹಿತದಲ್ಲಿ) ಸಿಎನ್ ಬಂಧದ ಪಟ್ಟಿ ತಟಸ್ಥ ಟಿಸಿಎನ್‌ಕ್ಯೂಗೆ 2227, ಪೂರ್ಣ ಅಯಾನಿಗೆ 2183 ಸೆಂ.ಮೀ⁻¹ ಸುಮಾರಿಗೆ. 2227ರಿಂದ ನಿಮ್ಮ ಪಟ್ಟಿಯ ಸ್ಥಾನ ಕಳೆದು 44ರಿಂದ ಭಾಗಿಸಿ, ವರ್ಗಾವಣೆ ಸಿಗುತ್ತದೆ. ಕ್ಲೋರಾನಿಲ್ ಹರಳಿಗೆ ಕಾರ್ಬೊನಿಲ್ ಪಟ್ಟಿ ನೋಡಬೇಕು. ಆ ಹರಳನ್ನು ಕೆಬಿಆರ್ (ಪೊಟ್ಯಾಸಿಯಂ ಬ್ರೋಮೈಡ್) ಬಿಲ್ಲೆ ಮಾಡಿ ಒತ್ತಬೇಡಿ, ದಯವಿಟ್ಟು. ಅದು 81 ಕೆಲ್ವಿನ್‌ನಲ್ಲಿ ಮಾತ್ರವಲ್ಲ, ಒತ್ತಡಕ್ಕೂ ತಟಸ್ಥ ಸ್ಥಿತಿಯಿಂದ ಅಯಾನಿಕಕ್ಕೆ ಹೊರಳುತ್ತದೆ.

ಎಚ್‌_ಟ್ಯೂಬ್
ಹರಳು ಬೆಳೆಸಿ ವಾಹಕತೆ ಅಳೆಯುವವರಿಗೆ: ಟಿಟಿಎಫ್, ಟಿಸಿಎನ್‌ಕ್ಯೂ ಎರಡರ ಅಣುತೂಕವೂ ಸುಮಾರು 204, ಸಮ ತೂಕ ಹಾಕಿದರೆ ಸಮ ಮೋಲ್. ಎಚ್-ಟ್ಯೂಬ್‌ನ (ಎಚ್ ಆಕಾರದ ಗಾಜಿನ ಕೊಳವೆಯ) ಎರಡು ಕೈಗಳಲ್ಲಿ ಬೇರೆ ಬೇರೆ ಹಾಕಿ, ಅಸಿಟೊನೈಟ್ರೈಲ್ ದ್ರಾವಕ ನಿಧಾನಕ್ಕೆ ತುಂಬಿ ಅಲುಗಾಡಿಸದೆ ಬಿಡಿ. ನೇರ ಬೆರೆಸಿದರೆ ಕಪ್ಪು ಪುಡಿಯಷ್ಟೇ. ಪುಡಿಯ ಬಿಲ್ಲೆ ಅಳೆದರೆ ಹರಳಿನ ಗಡಿಗಳೂ ದಿಕ್ಕುಗಳ ಕಲಬೆರಕೆಯೂ ಸೇರಿ ಬೆಲೆ ಬಹಳ ಕಡಿಮೆ ಬರುತ್ತದೆ. ಉದ್ದನೆಯ ಸೂಜಿ ಬಿ ಅಕ್ಷದ ಗುಂಟವೇ ಬೆಳೆಯುವುದರಿಂದ ನಾಲ್ಕು ಸಂಪರ್ಕ ಉದ್ದಕ್ಕೇ ಇಡಿ: ಚಿನ್ನದ ತಂತಿ, ನೀರಿನಲ್ಲಿ ಕಲಸಿದ ಕಾರ್ಬನ್ ಪೇಸ್ಟ್. ಸಾವಯವ ದ್ರಾವಕದ ಪೇಸ್ಟ್ ಹರಳನ್ನೇ ಕರಗಿಸುತ್ತದೆ, ಬೆಳ್ಳಿಯು ಟಿಸಿಎನ್‌ಕ್ಯೂ ಜೊತೆ ಪ್ರತಿಕ್ರಿಯಿಸಬಹುದು.